ಕಿವಿ ಮುಟ್ಟದ ಕೈ

"ನಮ್ಮನೇಲಿ ಡಿಗ್ರಿನಾ? ಅದೂ ಹಾಡ್ಕೊಂಡು? ಆಗದ ಮಾತು" ಎಂದಿದ್ದವರು ನನ್ನ ದೊಡ್ಡಪ್ಪ. ಅವರನ್ನು ಸುಳ್ಳಾಗಿಸುವ ಹಟದಲ್ಲಿ ನಾನು ನಿಮ್ಮ ಹೆಸರನ್ನೇ ನುಂಗಿಬಿಟ್ಟೆ, ಹೆಲ್ಗಾ ಮೇಡಂ. ತುಂಬಿದ ಸಭೆಯಲ್ಲಿ, ನೀವು ಎದುರಿಗೇ ಕೂತಿರುವಾಗ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು — ಅದೂ ನಿಮಗೆ ಓದಲು ಬಾರದ ಕನ್ನಡದಲ್ಲಿ.

ಎಂಬತ್ತರ ದಶಕದ ಆ ಮಧ್ಯಾಹ್ನಗಳು ಈಗಲೂ ಕನಸಿಗೆ ಬರುತ್ತವೆ. ಮೊದಲ ಸಲ, ಅಮ್ಮ ಹೊಲಿದ ನಿಮ್ಮ ಬಟ್ಟೆ ಕೊಡಲು ನೈರೋಬಿಯ ಸೌತ್ ಸಿ ಬಡಾವಣೆಯಿಂದ ಮಟಾಟು ವ್ಯಾನು ಹತ್ತಿ ಲ್ಯಾವಿಂಗ್ಟನ್ನಿನ ನಿಮ್ಮ ಮನೆಗೆ ಬಂದಿದ್ದೆ. ಕಿಟಕಿಯಾಚೆ ಜಕರಂಡದ ನೇರಳೆ ಹೂ ಸದ್ದಿಲ್ಲದೆ ಉದುರುತ್ತಿತ್ತು. ಒಳಗೆ ನೀವು ಹಾಡಿಕೊಳ್ಳುತ್ತಿದ್ದಿರಿ. ಬಾಗಿಲಲ್ಲಿ ಗುನುಗುತ್ತ ನಿಂತವಳನ್ನು ಪಿಯಾನೊ ಬಳಿ ಕರೆದಿರಿ. ಆಮೇಲೆ ಬಿಡಲೇ ಇಲ್ಲ.

ಪಾಠದ ನಡುವೆ ನಿಮ್ಮ ಕಥೆ — ಜರ್ಮನಿಯ ಒಪೆರಾದಲ್ಲಿ ಹಿಂದಿನ ಸಾಲಿನ ಹುಡುಗಿ, ಆಮೇಲೆ ನಾಯಕಿ, ಊರ ತುಂಬ ನಿಮ್ಮ ಹೆಸರಿನ ಪೋಸ್ಟರು. ಒಂದು ಸಂಜೆ ಹಾಡಿನ ತುತ್ತತುದಿಯಲ್ಲಿ ದನಿ ಒಡೆಯಿತು. ಮತ್ತೆ ರಂಗ ಹತ್ತಲಿಲ್ಲ. ಗಿಗಿರಿಯ ವಿಶ್ವಸಂಸ್ಥೆ ಕಚೇರಿಯಲ್ಲಿ ಕೆಲಸ ಸಿಕ್ಕ ಗಂಡನ ಜೊತೆ ಇಲ್ಲಿಗೆ ಬಂದಿರಿ. "ನೈರೋಬಿಯಲ್ಲಿ ನಾನು ಬರೀ ಅವರ ಹೆಂಡತಿ" ಎಂದು ನಗುತ್ತಿದ್ದಿರಿ.

ನಮ್ಮಲ್ಲಿ ಹಾಡುವವರು ಗುರುವಿನ ಹೆಸರೆತ್ತುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ ಅಂತ ನಾನೇ ಹೇಳಿದ್ದೆ. ಮಗುವಿನ ಹಾಗೆ ಕೇಳಿದಿರಿ, "ಹಾಗಾದರೆ ಸಭೆಯಲ್ಲಿ ಇನ್ನೊಮ್ಮೆ ನನ್ನ ಹೆಸರು ಕೇಳಿಸುತ್ತಾ?" ಮಾತು ಕೊಟ್ಟೆ.

ಸಂಗೀತದ ಡಿಗ್ರಿ ಬಂತು. ನಮ್ಮ ವಂಶಕ್ಕೇ ಮೊದಲನೆಯದು. ಇಲ್ಲಿನ ಕನ್ನಡಿಗರು ಸನ್ಮಾನ ಇಟ್ಟುಕೊಂಡು, ವೇದಿಕೆಯ ಮೇಲೆ ಸರ್ಟಿಫಿಕೇಟು ಕೈಗಿತ್ತು ಹಾಡು ಎಂದರು. ಮೈಕು ಹಿಡಿದವರು ಕೇಳಿದರು: "ಯಾರ ಹತ್ರ ಕಲ್ತಿದ್ದಮ್ಮ?"

ಮೊದಲ ಸಾಲಿನಿಂದ ದೊಡ್ಡಪ್ಪ: "ಇನ್ಯಾರು, ಆ ಮ್ಜುಂಗು ಹೆಂಗಸು. ಬಿಳಿಯರು ಕೈ ಹಿಡಿದ್ರೆ ಕತ್ತೇನೂ ಹಾಡುತ್ತೆ."

ಕಿವಿಯವರೆಗೆ ಹೋದ ಕೈ — ಕೂದಲು ಸರಿಮಾಡಿಕೊಂಡು ಇಳಿಯಿತು.

"ಯಾರೂ ಇಲ್ಲ. ನಾನೇ ಕಲಿತೆ."

ದೊಡ್ಡಪ್ಪನ ಮಾತೇ ಕಾರಣ ಎನ್ನಲಾರೆ; ಬಾಯಿ ನನ್ನದು. ನಿಮಗೆ ಕನ್ನಡ ತಿಳಿಯದು. ಆದರೆ ನೀವು ನೋಡುತ್ತಿದ್ದುದು ಆ ಕೈಯನ್ನೇ... ನಿಮ್ಮ ಹೆಸರು ಬಂದಿದ್ದರೆ ಅದನ್ನು ಗುರುತಿಸಲು ಯಾವ ಭಾಷೆ ಬೇಕಿತ್ತು? ಹಾಡು ಮುಗಿದಾಗ ಎಲ್ಲರೂ ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಿದ್ದವರು ನೀವೊಬ್ಬರೇ.

ಕೆಳಗಿಳಿದು ಸರ್ಟಿಫಿಕೇಟನ್ನು ಅಮ್ಮನಿಗೆ ಕೊಟ್ಟೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಇದು ನಿನ್ನ ಹೆಸರು ಅಂತ ಇಟ್ಕೊಳ್ಳೋಣ. ಮೇಡಮ್ಮೋರ ಹೆಸರು ಎಲ್ಲಿದೆ ಮಗಳೇ, ತೋರ್ಸು."