ಸಾಠೆ ಆಜಿಯ ಟೆಲಿಫೋನು

ಮುಲುಂಡಿನ ಆ ಮೂರು ಮಹಡಿಯ ಕಟ್ಟಡದಲ್ಲಿ ಮಿಕ್ಸಿ ಕೆಟ್ಟರೂ ಗಡಿಯಾರ ನಿಂತರೂ ಜನ ಮೊದಲು ತಟ್ಟುತ್ತಿದ್ದುದು ಕೇಶವಮೂರ್ತಿಯ ಬಾಗಿಲನ್ನು. ಪವಾಯಿಯ ಪ್ರಯೋಗಶಾಲೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ಸರಿಪಡಿಸುವುದು ಅವನ ಉದ್ಯೋಗ. ಮೈಸೂರಿನ ಕಡೆಯವನು, ಮುಂಬಯಿಗೆ ಬಂದು ಹದಿನಾರು ವರ್ಷಗಳಾಗಿದ್ದವು. ಯಾವ ವಸ್ತುವನ್ನು ಕಂಡರೂ ಇದು ಹೀಗೇಕೆ ಎಂದು ಕೇಳದೆ ಬಿಡುವ ಸ್ವಭಾವ ಅವನದಲ್ಲ. ರಜೆಯಲ್ಲಿ ಊರಿಗೆ ಹೊರಟಾಗ ಹೆಂಡತಿ ವಿಮಲಾ ಚಪಾತಿಯ ಡಬ್ಬಿಯನ್ನು ಹಿಡಿದುಕೊಂಡರೆ, ಇವನು ಒಂದು ಥರ್ಮಾಮೀಟರನ್ನೂ ಒಂದು ನೋಟ್‌ಬುಕ್ಕನ್ನೂ ಹಿಡಿದುಕೊಳ್ಳುತ್ತಿದ್ದ. ಪ್ರತಿ ಸ್ಟೇಷನ್ನಿನ ಹಳದಿ ಹಲಗೆಯ ಮೇಲೆ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಬರೆದಿರುವುದನ್ನು ಮಗಳು ಶಾಮಲಾ ಓದಿ ಹೇಳಬೇಕು, ಇವನು ಬರೆದುಕೊಳ್ಳಬೇಕು.

ಆದರೆ ಒಂದು ಯಂತ್ರ ಎಷ್ಟು ಬಗೆಯಲ್ಲಿ ಕೆಡಬಹುದೆಂದು ತಿಳಿದವನಿಗೆ ನೆಮ್ಮದಿಯೆಲ್ಲಿ? ಕುಕ್ಕರಿನ ಸೀಟಿ ತುಸು ತಡವಾದರೆ ಸಾಕು, ವಿಮಲಾಳನ್ನು ಅಡುಗೆಮನೆಯಿಂದ ಆಚೆಗೆ ಕರೆದುಬಿಡುತ್ತಿದ್ದ. ಶಾಮಲಾ ಶಾಲೆಯಿಂದ ಬರುವುದು ಹತ್ತು ನಿಮಿಷ ಹೊತ್ತಾದರೆ ಬಾಲ್ಕನಿಯಲ್ಲೇ ನಿಂತಿರುತ್ತಿದ್ದ.

೧೯೮೮ರ ನವೆಂಬರಿನಲ್ಲಿ ಅವನ ತಾಯಿ ಅಮ್ಮಣ್ಣಿ ಮುಂಬಯಿಗೆ ಬರುವುದೆಂದು ನಿಶ್ಚಯವಾಯಿತು. ಆಕೆ ಬೆಂಗಳೂರಿನಲ್ಲಿ ಹಿರಿಯ ಮಗ ಶಾಮಣ್ಣನ ಮನೆಯಲ್ಲಿದ್ದರು. ವಯಸ್ಸು ಅರವತ್ತೊಂಬತ್ತು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಒಬ್ಬರೇ ರೈಲು ಹತ್ತಿದವರಲ್ಲ. ಶಾಮಣ್ಣನಿಗೆ ರಜೆ ಸಿಗಲಿಲ್ಲ. ಕೇಶವಮೂರ್ತಿಯೇ ಧೈರ್ಯ ಹೇಳಿ ಬರೆದ: “ಒಂದೇ ಗಾಡಿ, ನಡುವೆ ಇಳಿಯುವುದಿಲ್ಲ, ಹತ್ತುವುದಿಲ್ಲ. ಅಮ್ಮ ಹೊರಡುವ ದಿನ ಗೊತ್ತಾದೊಡನೆ ಎಸ್.ಟಿ.ಡಿ. ಮಾಡಿ ತಿಳಿಸು. ಈ ಕಾಲದಲ್ಲಿ ಕಾಗದವನ್ನು ನೆಚ್ಚಿಕೊಳ್ಳಬೇಡ.”

ಫೋನಿಗೆ ಅರ್ಜಿ ಹಾಕಿ ಒಂಬತ್ತು ವರ್ಷಗಳಾಗಿದ್ದರೂ ಅವನ ಮನೆಗೆ ಫೋನು ಬಂದಿರಲಿಲ್ಲ. ಪಕ್ಕದ ಮನೆಯ ನಂಬರನ್ನು ಕೊಟ್ಟು ಅದರ ಮುಂದೆ ಪಿ.ಪಿ. ಎಂದು ಬರೆಯುವುದು ಆಗಿನ ರೂಢಿ. ಇವನ ಪಾಲಿಗೆ ಆ ಪಕ್ಕದ ಮನೆ, ಎಲ್ಲರೂ ಆಜಿ, ಎಂದರೆ ಅಜ್ಜಿ, ಎಂದು ಕರೆಯುತ್ತಿದ್ದ ಮರಾಠಿಯ ಸಾಠೆ ಆಜಿಯದು.

ಗುರುವಾರ ಸಂಜೆ ಕೇಶವಮೂರ್ತಿ ಮೆಟ್ಟಿಲು ಹತ್ತುತ್ತಿರುವಾಗಲೇ ಆಜಿ ಬಾಗಿಲಿಗೆ ಬಂದರು.

“ಮೂರ್ತಿಸಾಹೇಬ್! ಬಂಗಳೂರಹೂನ್ ಫೋನ್ ಆಲಾ ಹೋತಾ. ತುಮ್ಚೀ ಆಯಿ ಯೇತೆ, ಉದ್ಯಾ!”

ಬೆಂಗಳೂರಿನಿಂದ ಫೋನು ಬಂದಿತ್ತು, ನಿಮ್ಮ ತಾಯಿ ನಾಳೆ ಬರುತ್ತಾರೆ ಎಂದರ್ಥ. ಕೇಶವಮೂರ್ತಿ ನಿಂತಲ್ಲೇ ಲೆಕ್ಕ ಹಾಕಿದ. ಬೆಂಗಳೂರಿನಿಂದ ಇಲ್ಲಿಗೆ ಒಂದು ರಾತ್ರಿ, ಒಂದು ಹಗಲಿನ ಪ್ರಯಾಣ. ನಾಳೆ ಬರುವುದಾದರೆ ಇಷ್ಟು ಹೊತ್ತಿಗೆ ಅಮ್ಮ ಸ್ಟೇಷನ್ನಿನ ದಾರಿಯಲ್ಲಿರಬೇಕು!

ಶುಕ್ರವಾರ ಅರ್ಧ ದಿನ ರಜೆ ಹಾಕಿ, ವಿಮಲಾಳನ್ನು ಕರೆದುಕೊಂಡು ದಾದರ್ ಸ್ಟೇಷನ್ನಿಗೆ ಹೋದ. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಬಂದು ನಿಂತಿತು. ಟ್ರಂಕುಗಳಿಳಿದವು, ಹಾಸಿಗೆ ಸುರುಳಿಗಳಿಳಿದವು, ಮಕ್ಕಳಿಳಿದರು. ಅಮ್ಮ ಇಳಿಯಲಿಲ್ಲ. ಗಾಡಿಯ ಡಬ್ಬಿಗಳಿಗೆ ಅಂಟಿಸಿದ ಹೆಸರಿನ ಪಟ್ಟಿಗಳ ಮೇಲೆ ಬೆರಳಾಡಿಸುತ್ತ ಓಡಿದ. ಅಮ್ಮಣ್ಣಿ ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ಕರಿಕೋಟಿನ ಟಿಕೆಟ್ ಕಲೆಕ್ಟರನು, “ಲಿಸ್ಟ್ ಮೇ ನಹೀ, ತೋ ಗಾಡೀ ಮೇ ಭೀ ನಹೀ, ಸಾಬ್” ಎಂದು, ಪಟ್ಟಿಯಲ್ಲಿಲ್ಲದವರು ಗಾಡಿಯಲ್ಲೂ ಇಲ್ಲವೆಂದು ಕೈಯಾಡಿಸಿದ. ಗಾಡಿ ವಿ.ಟಿ. ಕಡೆಗೆ ಹೊರಟುಹೋಯಿತು.

“ಹತ್ತೇ ಇಲ್ವೇನೋ ರೀ,” ಎಂದಳು ವಿಮಲಾ.

“ಹತ್ತದಿದ್ದರೆ ಅಣ್ಣ ಮತ್ತೆ ಫೋನ್ ಮಾಡ್ತಿರಲಿಲ್ವೆ? ಗುಂತಕಲ್ಲಲ್ಲಿ ನೀರಿಗೆ ಅಂತ ಇಳಿದಿದ್ರೆ? ಯಾರೋ ಕನ್ನಡದಲ್ಲಿ ಮಾತಾಡಿಸಿದ್ರು ಅಂತ ಅವರ ಹಿಂದೆ ಹೋಗಿದ್ರೆ?”

ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಶಾಮಲಾ ಅಪ್ಪನನ್ನು ಸಮಾಧಾನಪಡಿಸಲು ನೋಡಿದಳು. “ಟೆನ್ಶನ್ ಮಾಡ್ಕೋಬೇಡಿ ಅಪ್ಪಾ. ಅಜ್ಜಿ ತೋ ಬಹುತ್ ಸ್ಮಾರ್ಟ್ ಇದಾರೆ.”

“ಸ್ಮಾರ್ಟ್ ಆದ್ರೆ ಹಿಂದಿ ಬಂದುಬಿಡುತ್ತೇನೇ?” ಎಂದು ರೇಗಿದ. ರೇಗಿದ್ದಕ್ಕೆ ತಾನೇ ನೊಂದು, ಅವಳ ತಲೆ ಸವರಿದ.

ಶಾಮಣ್ಣನ ಮನೆಯಲ್ಲಿಯೂ ಫೋನಿರಲಿಲ್ಲ. ಅವನು ಮಾತಾಡಿದ್ದು ಕಚೇರಿಯ ಫೋನಿನಿಂದ. ಬೆಳಗಾದರೆ ಎರಡನೆಯ ಶನಿವಾರ, ಕಚೇರಿಗೆ ಬೀಗ. ಉಳಿದಿದ್ದು ಟೆಲಿಗ್ರಾಂ ಒಂದೇ. ಬೆಳಿಗ್ಗೆ ಎದ್ದವನೇ ಒಂದು ಚೀಟಿಯ ಮೇಲೆ, “ಅಮ್ಮ ತಲುಪಿಲ್ಲ. ಕೂಡಲೇ ತಿಳಿಸು” ಎಂದು ಬರೆದು ಚಪ್ಪಲಿ ಮೆಟ್ಟಿದ. ವಿಮಲಾ ಚೀಟಿಯನ್ನು ಕಸಿದುಕೊಂಡಳು.

“ಇದನ್ನ ಓದಿದ್ರೆ ಭಾವನವರ ಎದೆ ಒಡೆದುಹೋಗುತ್ತೆ. ಮೊದಲು ಆಜೀನ ಇನ್ನೊಂದ್ಸಲ ಕೇಳಿ ಬನ್ನಿ, ಅವರು ಏನೇನು ಹೇಳಿದ್ರು ಅಂತ.”

ಆಜಿ ತುಳಸಿಗೆ ನೀರೆರೆಯುತ್ತಿದ್ದರು. ಮತ್ತೆ ಕೇಳಿದ್ದಕ್ಕೆ ಅವರಿಗೆ ಸಿಟ್ಟೇ ಬಂತು. “ಮೀ ಬಹಿರೀ ನಾಹೀ! ನಾನೇನು ಕಿವುಡಿಯಲ್ಲ!” ಹದಿನಾರು ವರ್ಷದ ನೆರೆಹೊರೆಯಲ್ಲಿ ಕಲಿತ ಕನ್ನಡವನ್ನು ಸಿಟ್ಟಿನಲ್ಲಿ ಮಾತ್ರ ಅವರು ಹೊರತೆಗೆಯುತ್ತಿದ್ದರು. “ಮದರ್ ಕಮಿಂಗ್ ಅಂದ್ರು. ಫ್ರೈಡೇ ಅಂದ್ರು. ಮಗ್, ಆಮೇಲೆ, ಉದ್ಯಾ, ಉದ್ಯಾ ಅಂತ ದೋನ್ದಾ, ಎರಡು ಸಲ ಕೂಗಿದ್ರು. ಗುರುವಾರದ ಮರುದಿನ ಫ್ರೈಡೇ ಅಲ್ವಾ?”

“ಅಣ್ಣ ‘ಉದ್ಯಾ’ ಅಂದ್ನಾ? ಅವನ ಬಾಯಿಂದಲೇ?”

“ಹೋ! ಅವರ ಬಾಯಿಂದಲೇ.”

ಕೇಶವಮೂರ್ತಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಶಾಮಣ್ಣನಿಗೆ ಮರಾಠಿ ಎಲ್ಲಿಂದ ಬಂತು? ಒಮ್ಮೆ ಮುಂಬಯಿಗೆ ಬಂದಿದ್ದಾಗ ಎಲ್ಲದಕ್ಕೂ ‘ಹೋ, ಹೋ’ ಎಂದು ತಲೆಯಾಡಿಸಿ, ಬೇಡದ ಮೂರು ಪಾವ್‌ಭಾಜಿಯನ್ನು ತಟ್ಟೆಗೆ ಹಾಕಿಸಿಕೊಂಡ ಮಹಾನುಭಾವ ಅವನು. ಅವನು ಕೂಗಿದ್ದು ಗಾಡಿಯ ಹೆಸರನ್ನು: ಉದ್ಯಾನ್! ಕೊನೆಯ ಅಕ್ಷರ ತಂತಿಯಲ್ಲೇ ಎಲ್ಲೋ ಉದುರಿಹೋಗಿತ್ತು. ಶುಕ್ರವಾರ ಎಂದದ್ದು ಅಮ್ಮ ಹತ್ತುವ ದಿನ, ಇಳಿಯುವ ದಿನವಲ್ಲ.

“ಅಂದ್ರೆ ಇವತ್ತು ಬರ್ತಾರೆ,” ಎಂದಳು ಬಾಗಿಲಲ್ಲಿ ನಿಂತು ಅವನ ಮಾತು ಕೇಳಿದ ವಿಮಲಾ, ಸೆರಗಿನಿಂದ ಕಣ್ಣೊರೆಸಿಕೊಂಡು.

“ಇರಬೇಕು,” ಎಂದ. ಇರಬೇಕು ಎನ್ನುವ ಮಾತಿಗೂ ಇದೆ ಎನ್ನುವ ಮಾತಿಗೂ ಇರುವ ಅಂತರ ಅವನಿಗೆ ಕೆಲಸದಿಂದಲೇ ಗೊತ್ತಿತ್ತು. ಮುಂದಿನ ಶುಕ್ರವಾರವೆಂದಿದ್ದರೆ? ತನ್ನ ಲೆಕ್ಕಾಚಾರವೇ ತಪ್ಪಾಗಿ, ಅಮ್ಮ ನಿನ್ನೆಯೇ ಎಲ್ಲೋ ಇಳಿದುಹೋಗಿದ್ದರೆ? ಟೆಲಿಗ್ರಾಮಿನ ಚೀಟಿಯನ್ನು ಹರಿಯದೆ ಜೇಬಿನಲ್ಲಿಟ್ಟುಕೊಂಡ.

ಆ ಸಂಜೆ ಗಾಡಿ ಒಂದು ಗಂಟೆ ತಡ. ಬಂದು ನಿಂತಾಗ ಹೆಸರಿನ ಪಟ್ಟಿಗಳನ್ನು ಓದುವ ತಾಳ್ಮೆ ಅವನಿಗಿರಲಿಲ್ಲ. ವಿಮಲಾ ಈ ಕೊನೆಯಿಂದ, ಅವನು ಆ ಕೊನೆಯಿಂದ ಬಾಗಿಲು ಬಾಗಿಲು ನೋಡುತ್ತ ಬಂದರು. ಜನ ಇಳಿದು ಮುಗಿದರು. ಹಮಾಲರು ಚದುರಿದರು. ಅಮ್ಮ ಇಲ್ಲ. ಇನ್ನೇನು ಗಾಡಿ ಹೊರಡಬೇಕು ಎನ್ನುವಾಗ, ಯಾಕೆಂದು ತಿಳಿಯದೆಯೇ ಎದುರಿನ ಡಬ್ಬಿಗೆ ಹತ್ತಿ, “ಅಮ್ಮಾ!” ಎಂದು ಕೂಗಿದ.

“ಯಾಕೋ ಹಾಗೆ ಅರಚ್ಕೋತೀಯಾ? ಇಲ್ಲೇ ಇದೀನಲ್ಲ.”

ಖಾಲಿಯಾದ ಡಬ್ಬಿಯ ನಡುವೆ ಕಿಟಕಿಯ ಪಕ್ಕ ಅಮ್ಮಣ್ಣಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

“ಇಳಿಯೋದಲ್ವೇನಮ್ಮ! ಎಲ್ಲರೂ ಇಳಿದ್ರಲ್ಲ!”

“ಚೆನ್ನಾಗಿದೆ. ‘ನಾನು ಒಳಗೆ ಬಂದು ಕೈ ಹಿಡಿಯೋ ತನಕ ಕೂತ ಜಾಗ ಬಿಟ್ಟು ಏಳಬೇಡ’ ಅಂತ ಬರೆದೋನು ನೀನು ತಾನೆ? ಶಾಮಣ್ಣ ಮೂರು ಸಲ ಓದಿ ಹೇಳಿದಾನೆ. ಎಷ್ಟೋ ಜನ ಇಳೀರಿ ಅಂತ ಸನ್ನೆ ಮಾಡಿದ್ರು. ನಾನ್ಯಾಕೆ ಏಳಲಿ?”

ತಾನು ಹಾಗೆ ಬರೆದಿದ್ದೆನೆಂಬುದೇ ಅವನಿಗೆ ನೆನಪಿರಲಿಲ್ಲ. ನಿನ್ನೆ ಒಳಗೆ ಹತ್ತದೆ ಬರೀ ಪಟ್ಟಿಗಳನ್ನು ನೋಡಿ ಮನೆಗೆ ಹೋಗಿದ್ದನಲ್ಲ ಎಂಬುದು ಈಗ ಹೊಳೆಯಿತು. ಅಷ್ಟರಲ್ಲಿ ಗಾಡಿ ಜಗ್ಗಿ ಮುಂದೆ ಸರಿಯಿತು. ಹೊರಗೆ ವಿಮಲಾ “ರೀ, ರೀ!” ಎಂದು ಕೂಗುತ್ತ ನಾಲ್ಕು ಹೆಜ್ಜೆ ಓಡಿಬಂದು, ಕಿಟಕಿಯಲ್ಲಿ ಅತ್ತೆಯ ಮುಖವನ್ನು ಕಂಡು, ಹಣೆಗೆ ಕೈಹಚ್ಚಿಕೊಂಡು ನಿಂತಳು.

“ಅಯ್ಯೋ, ಹುಡುಗಿ ಅಲ್ಲೇ ಉಳಿದಳಲ್ಲೋ!”

“ಅವಳಿಗೇನಮ್ಮ, ಲೋಕಲ್ ಹಿಡಿದು ನಮಗಿಂತ ಮೊದಲೇ ಮನೆ ಸೇರ್ತಾಳೆ.”

“ಮತ್ತೆ ಈ ಗಾಡಿ ಎಲ್ಲಿಗೆ ಹೋಗುತ್ತೆ?”

“ವಿ.ಟಿ.ಗೆ. ಅಲ್ಲಿಂದ ಮುಂದೆ ಹಳಿಯೇ ಇಲ್ಲ.”

“ಹಾಗಾದ್ರೆ ಕೂತ್ಕೋ,” ಎಂದು ಅಮ್ಮ ಸರಿದು ಜಾಗ ಮಾಡಿಕೊಟ್ಟರು. ಅವನ ಕೈಯನ್ನೆಳೆದು ತಮ್ಮ ಚೀಲದ ಮೇಲೆ ಇಟ್ಟುಕೊಂಡರು.