ಹಿತ್ತಲ ಮನೆಯ ಮೀಟರು

ಮೊಬೈಲಿಗೆ ಹಾಕಿದಂತೆ ಮೊದಲೇ ದುಡ್ಡು ಹಾಕಿ ಕರೆಂಟು ಬಳಸುವ ಮೀಟರು ಬಂದಿದೆ, ಬೇಕಾದವರು ಹಾಕಿಸಿಕೊಳ್ಳಬಹುದು ಎಂದು ಶಹಾಪುರದಲ್ಲಿ ಸುದ್ದಿಯಾದಾಗ ನಮ್ಮ ಓಣಿಯಲ್ಲಿ ಮೊದಲು ಕುಣಿದವಳು ನಾನೇ. ಉಳಿತಾಯದ ಆಸೆಯಿಂದಲ್ಲ. ನನ್ನ ಅತ್ತೆಯನ್ನು ಹದ್ದುಬಸ್ತಿನಲ್ಲಿ ಇಡಬೇಕಿತ್ತು. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಬರಲಿ.

ನಾವು ಬಾಡಿಗೆಗಿದ್ದದ್ದು ಬಜಾರದಲ್ಲಿ ಅಂಗಡಿ ಇಟ್ಟಿದ್ದ ಒಬ್ಬರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ನಾನು ಶಿರವಾಳದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ, ಗಂಡ ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಆ ಕೋಣೆಗಳು ಸಿಗುವ ಮೊದಲು ಊರೆಲ್ಲ ಅಲೆದಿದ್ದೆವು. ಮನೆ ಖಾಲಿ ಇದೆ ಎನ್ನುತ್ತಿದ್ದರು, ಯಾವ ಮಂದಿ ಎಂದು ಕೇಳುತ್ತಿದ್ದರು, ನಾವು ಬೌದ್ಧರು ಎಂದ ಕೂಡಲೇ ಮನೆ ನಿನ್ನೆಯೇ ಹೋಯಿತು ಎನ್ನುತ್ತಿದ್ದರು. ಈ ಮಾಲೀಕರು ಮಾತ್ರ ತಾವು ಅಂಥದ್ದೆಲ್ಲ ನೋಡುವವರಲ್ಲ ಎಂದರು. ಒಂದೇ ಒಂದು ಮಾತಿತ್ತು. ಅಂಗಳದ ಟ್ಯಾಂಕಿನ ನಳವನ್ನು ನಾವು ಮುಟ್ಟಬಾರದು, ಮನೆಯಲ್ಲಿ ಹಿರಿಯರು ಮಡಿ ಮಾಡುತ್ತಾರೆ, ತಪ್ಪು ತಿಳಿಯಬಾರದು. ಬೆಳಿಗ್ಗೆ ಅವರ ಹೆಂಡತಿಯೇ ನಳ ತಿರುಗಿಸಿ ಪೈಪಿನಿಂದ ನಮ್ಮ ಕೊಡಗಳಿಗೆ ನೀರು ಬಿಡುತ್ತಿದ್ದಳು. ನಾನು ಕೊಡ ಇಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದೆ. ಮಕ್ಕಳಿಗೆ ಶಾಲೆಯಲ್ಲಿ ಸಮಾನತೆಯ ಪಾಠ ಮಾಡುವವಳು ಹಾಗೆ ನಿಂತೆ, ನಾಲ್ಕು ವರ್ಷ.

ಹಿಂದಿನ ಕೋಣೆಗಳಿಗೆ ಬೇರೆಯೇ ಮೀಟರು ಇತ್ತು, ಬಿಲ್ಲು ನಮ್ಮದೇ. ಅದು ಪ್ರತಿ ತಿಂಗಳೂ ಹೊಟ್ಟೆ ಉರಿಯುವಷ್ಟು ಬರುತ್ತಿತ್ತು. ಮನೆಯಲ್ಲಿದ್ದದ್ದು ಮೂರು ಬಲ್ಬು, ಒಂದು ಟೀವಿ, ಒಂದು ಫ್ಯಾನು. ಹಗಲೆಲ್ಲ ಮನೆಯಲ್ಲಿ ಇರುವವಳು ಅತ್ತೆ ಒಬ್ಬಳೇ. ಹಾಗಾಗಿ ಕಳ್ಳಿ ಯಾರೆಂದು ನಾನು ಮೊದಲ ಬಿಲ್ಲಿಗೇ ತೀರ್ಮಾನ ಮಾಡಿಬಿಟ್ಟೆ.

ಅತ್ತೆ ಕಾಲುವೆಗೆ ನೀರು ಬಂದಾಗಿನಿಂದ ಕಂಡವರ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚಿ ಬೆನ್ನು ಬಗ್ಗಿಸಿಕೊಂಡವಳು. ಕೆಸರಲ್ಲಿ ನಿಂತೂ ನಿಂತೂ ಕಾಲಿನ ಚರ್ಮ ಹಾಳಾಗಿತ್ತು, ಬೆವರಿದರೆ ಕೆರೆತ ಏಳುತ್ತಿತ್ತು. ಶಹಾಪುರದ ಬೇಸಿಗೆಯಲ್ಲಿ ಅವಳಿಗೆ ಬೇಕಿದ್ದದ್ದು ಒಂದು ಫ್ಯಾನಿನ ಗಾಳಿ. ನಾನು ಅದಕ್ಕೂ ಲೆಕ್ಕ ಕೇಳಿದೆ. ಮಧ್ಯಾಹ್ನ ಒಂದು ತಾಸು ಮಾತ್ರ ಎಂದೆ. ಬಿಲ್ಲು ಇಳಿಯಲಿಲ್ಲ. ಸುಳ್ಳು ಹೇಳುತ್ತೀ ಎಂದೆ. ಅವಳು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಹೊರಗೆ, ಬುದ್ಧ ಮಲಗಿದಂತಿರುವ ಊರ ಗುಡ್ಡ ಕಾಣುವ ಕಟ್ಟೆಯ ಮೇಲೆ ಕೂಡುವುದನ್ನು ರೂಢಿ ಮಾಡಿಕೊಂಡಳು.

ಹೊಸ ಮೀಟರಿನ ಸುದ್ದಿ ಬಂದಾಗ ನನಗೆ ಅನ್ನಿಸಿದ್ದು ಇಷ್ಟೇ: ದುಡ್ಡು ತೀರಿದರೆ ಫ್ಯಾನು ತಾನೇ ನಿಲ್ಲುತ್ತದೆ, ನಾನು ಬಾಯಿ ಮಾಡುವುದೂ ಬೇಡ. ಅರ್ಜಿಗೆ ಮನೆ ಮಾಲೀಕರ ಸಹಿ ಬೇಕಿತ್ತು. ಅವರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು.

"ನಿಮಗ್ಯಾಕ ಈ ತ್ರಾಸ, ಅಕ್ಕೋರೆ? ತಿಂಗಳಿಗೊಮ್ಮಿ ಬಿಲ್ಲು ಬರ್ತದ, ಕಟ್ತೀರಿ, ಮುಗೀತು."

ಮತ್ತೆ ಎರಡು ಸಲ ಹೋದೆ. ಎರಡು ಸಲವೂ ನಾಳೆ ಎಂದರು. ಸೋಮಾರಿ ಮನುಷ್ಯ ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಒಂದು ಭಾನುವಾರ ಓಣಿಗೆ ಬಂದಿದ್ದ ಲೈನ್‌ಮನ್‌ನನ್ನು ನಾನೇ ಕರೆದು, ಇಲ್ಲಿ ಹೊಸ ಮೀಟರು ಕೂಡುತ್ತದೆಯೇ ನೋಡು ಎಂದೆ. ಅವನು ನಮ್ಮ ಮನೆಯ ಮೇನ್ ಸ್ವಿಚ್ ಆರಿಸಲು ಹೇಳಿದ. ಆರಿಸಿದೆ. ಮೀಟರಿನ ಕೆಂಪು ದೀಪ ಮಾತ್ರ ಪಟಪಟ ಮಿಣುಕುತ್ತಲೇ ಇತ್ತು.

"ಮನ್ಯಾಗ ಎಲ್ಲಾ ಬಂದ್ ಅದ. ಮತ್ತ ಇದ್ಯಾಕ ಓಡಾಕತ್ತದ?" ಎಂದ ಅವನು.

ಮೀಟರಿನ ಹಿಂದಿನಿಂದ ಒಂದು ವಯರು ಗೋಡೆಯ ತೂತಿನೊಳಗೆ ಹೋಗಿತ್ತು. ಅದರ ಬೆನ್ನು ಹತ್ತಿ ಇಬ್ಬರೂ ಮುಂದಿನ ಅಂಗಳಕ್ಕೆ ಹೋದೆವು. ಅದು ಟ್ಯಾಂಕಿಗೆ ನೀರು ಏರಿಸುವ ಮೋಟಾರಿನ ಹತ್ತಿರ ಮುಗಿದಿತ್ತು, ಮೋಟಾರು ಗುಂಯ್ ಎನ್ನುತ್ತಿತ್ತು. ಟ್ಯಾಂಕು ತುಂಬಿ ಚೆಲ್ಲಿದಾಗ ಮಾಲೀಕರ ಹೆಂಡತಿ ಬಂದು ಅದನ್ನು ಆರಿಸಿದಳು. ನಾನು ಹಿಂದಕ್ಕೆ ಓಡಿದೆ. ಕೆಂಪು ದೀಪ ಮಿಣುಕುವುದು ನಿಂತಿತ್ತು.

ನನ್ನ ಮೈ ಉರಿದುಹೋಯಿತು. ನಾವು ಮುಟ್ಟಬಾರದ ನೀರು ನಾಲ್ಕು ವರ್ಷದಿಂದ ನಮ್ಮ ಕರೆಂಟಿನಲ್ಲಿ ಮೇಲೇರುತ್ತಿತ್ತು. ಮಾಲೀಕರು ಊಟಕ್ಕೆ ಬರುವುದನ್ನೇ ಕಾದು ಕೇಳಿದೆ. ಅವರಿಗೆ ನಾಚಿಕೆಯೂ ಆಗಲಿಲ್ಲ.

"ಅದ್ರಾಗೇನು ಮಹಾ ಆಗ್ಯಾದ? ನೀರು ನೀವೂ ಕುಡೀತೀರಲ್ಲ."

ನಾನು ಒಳಗಿನಿಂದ ಕೊಡ ತಂದು ಟ್ಯಾಂಕಿನ ಕೆಳಗಿಟ್ಟೆ, ಅವರೆಲ್ಲರ ಕಣ್ಣೆದುರೇ ನಳವನ್ನು ಕೈಯಾರೆ ತಿರುಗಿಸಿದೆ. ಗಂಡ ಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಿದ್ದ, ಮತ್ತೆ ಮನೆ ಹುಡುಕುವ ಭಯ ಅವನಿಗೆ. ಕೊಡ ತುಂಬಿಸಿಕೊಂಡು ಬಂದೆ. ತಿರುಗಿ ನೋಡಿದರೆ ಮಾಲೀಕರ ಹೆಂಡತಿ ಹುಣಸೆಹಣ್ಣು ಹಚ್ಚಿ ಆ ನಳವನ್ನು ತಿಕ್ಕುತ್ತಿದ್ದಳು. ತಿಕ್ಕಿ ತೊಳೆಯಲು ಅವಳು ಹಿಡಿದ ನೀರೂ ನಮ್ಮ ಕರೆಂಟಿನದೇ.

ಸಂಜೆಯ ಹೊತ್ತಿಗೆ ಮಾಲೀಕರು ಸದ್ದಿಲ್ಲದೆ ವಯರು ಬಿಚ್ಚಿಸಿದರು. ಜೊತೆಗೆ, ಈಗ ಬೇಕಾದರೆ ಸಹಿ ಹಾಕುತ್ತೇನೆ ಎಂದು ಹೇಳಿಕಳಿಸಿದರು. ನಾನು ಅರ್ಜಿಯನ್ನು ಹರಿದು ಒಲೆಗೆ ಹಾಕಿದೆ. ಯಾರನ್ನು ಹದ್ದುಬಸ್ತಿನಲ್ಲಿ ಇಡಲು ಅದನ್ನು ತಂದಿದ್ದೆನೋ ಅವಳ ಮುಂದೆ ಕೂತು, ತಪ್ಪಾಯಿತು ಎಂದೆ. ನಾಳೆಯಿಂದ ಫ್ಯಾನು ಹಗಲೆಲ್ಲ ತಿರುಗಲಿ ಎಂದೆ. ಅತ್ತೆ ನನ್ನ ತಲೆ ಸವರಿದಳು.

"ಇರ್ಲಿ ಬಿಡ ಯವ್ವ. ನೀ ಏನ್ ಬೇಕಂತ ಅಂದಿ?"

ಮರುದಿನ ಶಾಲೆಯಿಂದ ಬಂದೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಕಿಟಕಿಯಿಂದ ಕಂಡಿತು, ಅತ್ತೆ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗಿದ್ದಳು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಆ ಸಪ್ಪಳಕ್ಕೆ ಅವಳು ಗಾಬರಿಯಿಂದ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಸ್ವಿಚ್ ಆರಿಸಿದಳು.