ಕರ್ಪೂರದೆಣ್ಣೆಯ ಕೇಸು

ಹಾಲಿನ ಪ್ಯಾಕೆಟ್ ಕತ್ತರಿಸಿ ಒಲೆಗಿಟ್ಟು, ಫಿಲ್ಟರಿಗೆ ಬಿಸಿನೀರು ಹುಯ್ದು, ಗಂಡನ ಡಬ್ಬಿಗೆ ಚಿತ್ರಾನ್ನ ಕಲೆಸುವ ಹೊತ್ತಿಗೆ ನಾದಿನಿ ಊಟದ ಮೇಜಿನ ಮೇಲೆ ನನ್ನ ಟೈಪ್‌ರೈಟರ್ ತಂದಿಟ್ಟಿದ್ದಳು. ತೊಂಬತ್ತರ ದಶಕದ ಕೊನೆಯ ಮಾತು. ಹಲಸೂರಿನ ನಮ್ಮ ಮನೆಯಲ್ಲಿದ್ದುಕೊಂಡು ಅವಳು ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ಮಕ್ಕಳ ಡಾಕ್ಟರಾಗಿದ್ದಳು. ಅವಳ ಲೇಖನವನ್ನು ವೈದ್ಯಕೀಯ ಜರ್ನಲ್ಲೊಂದು ತಿದ್ದಿಕೊಡಲು ವಾಪಸು ಕಳಿಸಿತ್ತು. ಸಂಜೆಯ ಕೊರಿಯರ್ ತಪ್ಪಿದರೆ ಗಡುವು ಮೀರುತ್ತಿತ್ತು.

ಲೇಖನದಲ್ಲಿದ್ದ ಕೂಸು ನಮ್ಮ ಎದುರುಮನೆಯದು. ಅದರ ತಾಯಿ ಕಲಬುರಗಿ ಕಡೆಯ ಹುಡುಗಿ. ಅವಳ ಅತ್ತೆ ಯಾರದೋ ಮದುವೆಗೆಂದು ಕೋಲಾರಕ್ಕೆ ಹೋಗಿದ್ದ ದಿನ, ಮಗುವಿಗೆ ನೆಗಡಿಯೆಂದು ತವರಿನ ರೂಢಿಯಂತೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ಹಚ್ಚಿ, ಬಾಯಿಗೂ ಒಂದಿಷ್ಟು ನೆಕ್ಕಿಸಿದ್ದಳು. ಫಿಟ್ಸ್ ಬಂತು. ನಾದಿನಿಯೇ ಎತ್ತಿಕೊಂಡು ಆಟೋದಲ್ಲಿ ಓಡಿದಳು. ಮಗು ಉಳಿಯಿತು.

"ನಮ್ಮತ್ತಿಯವ್ರಿಗಿ ಹೇಳಬ್ಯಾಡ್ರಿ ಅಕ್ಕಾರೆ, ಕೂಸಿನ್ನ ಇಟ್ಕೊಂಡು ನನ್ನ ತವರಿಗೆ ಅಟ್ತಾರ" ಎಂದು ಆ ಹುಡುಗಿ ನಾದಿನಿಯ ಕೈ ಹಿಡಿದು ಅತ್ತಿದ್ದಳು. ಎಲ್ಲ ಜ್ವರದಿಂದ ಆದದ್ದೆಂದೇ ಅತ್ತೆ ನಂಬಿದ್ದರು.

ಮೊದಲ ಪ್ರತಿ ಓದಿದರೆ ಕಣ್ಣು ತುಂಬುತ್ತಿತ್ತು. ಕೆರೆ ಕಡೆಯ ನಮ್ಮ ಗಲ್ಲಿ, ಮದುವೆಗೆ ಹೋದ ಅತ್ತೆ, ತಾಯಿಯ ಕೈಯ ಹಸಿರು ಬಳೆ, ಎಲ್ಲ ಇತ್ತು. ಸಂಪಾದಕರು ಅಷ್ಟನ್ನೂ ಹೊಡೆದುಹಾಕಿದ್ದರು. ಕಾನ್ವೆಂಟಿನಲ್ಲಿ ಪ್ರಬಂಧ ಬರೆದು ಸಿಸ್ಟರ್ ಹತ್ತಿರ ಶಹಭಾಸ್ ಅನ್ನಿಸಿಕೊಂಡವಳು ನಾನು, ಸುಮ್ಮನಿರಲಾಗಲಿಲ್ಲ.

"ಇದೇನೇ, ಪೊಲೀಸ್ ಮಹಜರ್ ಥರ! ಬಳೆ ಒಂದನ್ನಾದ್ರೂ ಬಿಡಬಾರದಾ?"

"ಬಳೆ ನೋಡಿ ಯಾವ ಡಾಕ್ಟ್ರು ಕರ್ಪೂರ ಕಂಡುಹಿಡೀತಾರೆ ಅತ್ತಿಗೆ? ಇನ್ನೆಲ್ಲೋ ಇನ್ನೊಂದು ಮಗು ಹೀಗೇ ಬಂದಾಗ, ಎಣ್ಣೆ ಎಷ್ಟು ಹೋಗಿತ್ತು, ಎಷ್ಟು ಹೊತ್ತಿಗೆ ಫಿಟ್ಸ್ ಬಂತು, ನಾವೇನು ಕೊಟ್ವಿ, ಅದು ಬೇಕು ಅವರಿಗೆ. ನಾನು ಅತ್ತಿದ್ದು ಕಟ್ಕೊಂಡು ಏನ್ಮಾಡ್ತಾರೆ?" ಎಂದವಳು ದನಿ ತಗ್ಗಿಸಿದಳು. "ಮತ್ತೆ, ಯಾರೂಂತ ಗೊತ್ತಾದ್ರೆ ಆ ಹುಡುಗಿ ಗತಿ?"

ಟೈಪ್ ಮಾಡತೊಡಗಿದೆ. ತಾಯಿ ಬರೀ 'ಪಾಲಕರು' ಆದಳು. ಗಲ್ಲಿ ನಗರ ಪ್ರದೇಶವಾಯಿತು. ಮದುವೆ, ಕೋಲಾರ, ಅತ್ತೆ ಎಲ್ಲವೂ ಹೋದವು. ಅಷ್ಟಾದರೂ ಎಲ್ಲಾದರೂ ಏನಾದರೂ ಉಳಿದಿದೆಯೇ ಎಂದು ಪ್ರತಿ ಸಾಲನ್ನೂ ಬೆರಳಿಟ್ಟು ಮತ್ತೆ ಓದಿದೆ.

ಸಂಜೆ ನಾದಿನಿ ಒಳಗೆ ಸೀರೆ ಬದಲಿಸುತ್ತಿದ್ದಳು. ಹಾಳೆಗಳು ಮೇಜಿನ ಮೇಲಿದ್ದವು. ಎದುರುಮನೆಯ ಅತ್ತೆಯೇ ಹೆಪ್ಪಿಗೆಂದು ಲೋಟ ಹಿಡಿದು ಬಂದರು. ಟೀಚರಾಗಿ ರಿಟೈರ್ ಆದವರು, ಕಾಗದ ಕಂಡರೆ ಕನ್ನಡಕ ತಾನಾಗಿ ಮೂಗಿಗಿಳಿಯುತ್ತಿತ್ತು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಮೊದಲ ಹಾಳೆ ಅವರ ಕೈಯಲ್ಲಿತ್ತು. ಕರ್ಪೂರವೆಂಬುದು ತಲೆಬರಹದಲ್ಲೇ ಇತ್ತು.

ಮೊಸರಿನ ಸೌಟು ಹಿಡಿದು ನಿಂತೆ. ಕಿಟಕಿಯಾಚೆ ಅವರ ಮನೆ ಜಗಲಿಯಲ್ಲಿ ಸೊಸೆ ಮಗುವನ್ನು ಸೊಂಟಕ್ಕಿಟ್ಟುಕೊಂಡು ಇತ್ತಲೇ ನೋಡುತ್ತಿದ್ದಳು. ಮಗು ಅವಳ ಮೂಗುಬೊಟ್ಟು ಎಳೆಯುತ್ತಿದ್ದರೂ ಕೈ ಬಿಡಿಸಲಿಲ್ಲ. ಅತ್ತೆ ಎರಡನೆಯ ಹಾಳೆ ತಿರುವಿದರು. ತುಟಿ ಅಲ್ಲಾಡಿಸುತ್ತ ಕೊನೆಯ ಸಾಲಿನವರೆಗೂ ಓದಿದರು. ಕನ್ನಡಕ ತೆಗೆದು ಲೋಟ ನನ್ನತ್ತ ಚಾಚಿದರು.

"ಇದೇನಮ್ಮಾ, ಉಪ್ಪಿಲ್ಲ ಖಾರ ಇಲ್ಲ. ಯಾರೋ ಏನೋ ಕುಡಿಸಿದ್ರಂತೆ. ಪಾಪ, ಯಾವೂರ ಮಗೂನೋ. ಹೆಪ್ಪು ಸ್ವಲ್ಪ ಹುಳಿ ಇರೋದೇ ಹಾಕು."